ಹಳದಿ ದೀಪಕ್ಕೆ ಸೀಲು

ಜಗತ್ತಿನಲ್ಲಿ ಬೀಗವನ್ನು ನಂಬುವವರು ಕೆಲವರು, ಬೀಗದ ಮೇಲೆ ಇನ್ನೊಂದು ಬೀಗ ಜಡಿದು ನಂಬುವವರು ಕೆಲವರು. ಸೀಲು ಮಾಮ ಈ ಎರಡು ಪಂಗಡಕ್ಕೂ ಸೇರಿದವರಲ್ಲ. ಬೀಗ ಮಾಡುವವನೇ ಕೀಲಿಯನ್ನೂ ಮಾಡುತ್ತಾನಲ್ಲ, ಮಾಡುವಾಗ ತನಗೊಂದು ಇಟ್ಟುಕೊಂಡಿಲ್ಲವೆಂದು ಏನು ಗ್ಯಾರಂಟಿ ಎಂಬುದು ಅವರ ವಾದ. ಅವರ ನಂಬಿಕೆಯೇನಿದ್ದರೂ ಚೀಟಿಯ ಮೇಲೆ.

ಮೂವತ್ತೊಂದು ವರ್ಷದಿಂದ ಅವರು ಒಂದು ದೊಡ್ಡ ಕಚೇರಿಯ ಉಗ್ರಾಣದ ಮೇಲ್ವಿಚಾರಕರು. ಸಂಜೆ ಬಾಗಿಲು ಹಾಕಿದ ಮೇಲೆ ಎರಡು ಕದಗಳಿಗೂ ಸೇರುವಂತೆ ಒಂದು ಬಿಳಿ ಚೀಟಿ ಅಂಟಿಸಿ, 'ತೆರೆಯಕೂಡದು' ಎಂದು ಬರೆದು, ಅರ್ಧ ಸಹಿ ಈ ಕದಕ್ಕೆ, ಅರ್ಧ ಸಹಿ ಆ ಕದಕ್ಕೆ ಬರುವಂತೆ ಗೀಚಿ ಮನೆಗೆ ಹೊರಡುವುದು ಅವರ ಪದ್ಧತಿ. ಬೆಳಿಗ್ಗೆ ಚೀಟಿ ಹರಿಯದೆ ಇದ್ದರೆ ಉಗ್ರಾಣ ಕ್ಷೇಮ. ಬರಬರುತ್ತ ಈ ಪದ್ಧತಿ ಅವರ ಹಿಂದೆಯೇ ಮನೆಗೂ ಬಂತು. ಸಕ್ಕರೆ ಡಬ್ಬಿಗೆ ಚೀಟಿ, ಬೀರುವಿಗೆ ಚೀಟಿ, ಗೋಡೆ ಗಡಿಯಾರದ ಬೆನ್ನಿಗೂ ಒಂದು ಚೀಟಿ. ಬೀದಿಯವರು ಅವರ ನಿಜವಾದ ಹೆಸರು ಮರೆತು ಎಷ್ಟೋ ಕಾಲವಾಗಿತ್ತು. ಅವರ ಹೆಂಡತಿ, ಬೀದಿಗೆಲ್ಲ ಟೀಚರಮ್ಮ, ದಿನಕ್ಕೆ ನಾಲ್ಕು ಸಲ ಸಕ್ಕರೆ ಡಬ್ಬಿಯ ಚೀಟಿ ಕಿತ್ತು, ಹೊಸದು ಅಂಟಿಸಿ, ಗಂಡನ ಸಹಿಯನ್ನು ತಾವೇ ಹಾಕುತ್ತಿದ್ದರು. ಇಪ್ಪತ್ತಾರು ವರ್ಷದ ಅಭ್ಯಾಸದಿಂದ ಆ ಸಹಿ ಮಾಮನ ಸ್ವಂತ ಸಹಿಗಿಂತ ಅಚ್ಚುಕಟ್ಟಾಗಿ ಬರುತ್ತಿತ್ತು. ಮಾಮ ಅದನ್ನು ಕನ್ನಡಕ ಏರಿಸಿ ಪರೀಕ್ಷಿಸಿ, "ನೋಡು, ಯಾರೂ ಮುಟ್ಟಿಲ್ಲ" ಎಂದು ತೃಪ್ತಿಯಿಂದ ಚಹಾ ಕುಡಿಯುತ್ತಿದ್ದರು.

ಇಂಥವರ ಮನೆಯಲ್ಲಿ ಒಂದು ಕಾರಿತ್ತು. ಭಾನುವಾರ ಮಾತ್ರ ಹೊದಿಕೆ ತೆಗೆಯುವ ಕಾರು. ಕಚೇರಿಯ ಅಂಗಳದಲ್ಲಿ ನಿಲ್ಲಿಸಿದರೆ ಯಾರು ಏನು ಬಿಚ್ಚಿಕೊಳ್ಳುತ್ತಾರೋ ಎಂದು ಮಾಮ ಓಡಾಡುತ್ತಿದ್ದುದು ಬಸ್ಸಿನಲ್ಲೇ. ಈಚೆಗೆ ಎರಡು ತಿಂಗಳಿಂದ ಪೆಟ್ರೋಲ್ ಮುಳ್ಳು ಒಂದು ಭಾನುವಾರ ನಿಂತ ಕಡೆ ಮುಂದಿನ ಭಾನುವಾರ ಇರುತ್ತಿರಲಿಲ್ಲ. ಕಿಲೋಮೀಟರ್ ಸಂಖ್ಯೆ ಏರುತ್ತಿದ್ದುದನ್ನೂ ಅವರು ಗಮನಿಸದೆ ಇರಲಿಲ್ಲ. ಅದು ಕಾರು ಬೇಗ ಹಳೆಯದಾಗಲೆಂದು ಕಂಪನಿಯವರೇ ಮಾಡಿಟ್ಟ ಕೈಚಳಕವೆಂದು ತೀರ್ಮಾನವಾಗಿತ್ತು. ಪೆಟ್ರೋಲಿನದು ಮಾತ್ರ ಶುದ್ಧ ಕಳ್ಳತನ. ಮಾಮ ತಮ್ಮ ಬ್ರಹ್ಮಾಸ್ತ್ರ ತೆಗೆದರು. ಒಂದು ಚೀಟಿಗೆ ಸಹಿ ಹಾಕಿ, ನಾಲ್ಕು ಮಡಿಕೆ ಮಾಡಿ, ಪೆಟ್ರೋಲ್ ಟ್ಯಾಂಕಿನ ಬಾಯಂಚಿಗೆ ಸಿಗಿಸಿ, ಮೇಲೆ ಮುಚ್ಚಳ ತಿರುಗಿಸಿದರು. ಯಾರಾದರೂ ಮುಚ್ಚಳ ತೆಗೆದರೆ ಚೀಟಿ ಬೀಳಲೇಬೇಕು.

ಮರು ಭಾನುವಾರ ನೋಡಿದರೆ ಚೀಟಿ ಇದ್ದ ಹಾಗೇ ಇದೆ, ಪೆಟ್ರೋಲ್ ಕಡಿಮೆಯಾಗಿದೆ. ಸಾಲದ್ದಕ್ಕೆ ಸ್ಟಿಯರಿಂಗಿನ ಹಿಂದೆ, ಎಂಜಿನ್ನಿನ ಚಿತ್ರವಿರುವ ಒಂದು ಹಳದಿ ದೀಪ ಹೊಸದಾಗಿ ಉರಿಯುತ್ತಿದೆ.

ಬೇರೆ ವಾರವಾಗಿದ್ದರೆ ಮಾಮ ಆ ದೀಪವನ್ನು ಒಂದು ತಿಂಗಳು ಹೊಂಚು ಹಾಕಿ ನೋಡುತ್ತಿದ್ದರೇನೋ. ಆದರೆ ಆ ಶನಿವಾರಕ್ಕೆ ಕಾರಿನ ಹೊಗೆ ಪರೀಕ್ಷೆಯ ಪತ್ರದ ಅವಧಿ ಮುಗಿಯುತ್ತಿತ್ತು, ಪತ್ರವಿಲ್ಲದೆ ಕಾರು ರಸ್ತೆಗಿಳಿಸುವಂತಿಲ್ಲ. ಅದಾದ ಸೋಮವಾರ ಬೆಳಿಗ್ಗೆ ಎಂಟಕ್ಕೆ ಟೀಚರಮ್ಮ ಊರಾಚೆಯ ಒಂದು ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಸೇರಬೇಕಿತ್ತು. ಇಪ್ಪತ್ತೆರಡು ವರ್ಷ ಕಾದು ಸಿಕ್ಕ ಹುದ್ದೆ. ಆ ಕಡೆಗೆ ಬಸ್ಸಿಲ್ಲ. ಎಂಟು ಗಂಟೆಗೆ ಹಾಜರಾಗದಿದ್ದರೆ ಪಟ್ಟಿಯಲ್ಲಿ ಮುಂದಿರುವವರಿಗೆ ಕೊಡುತ್ತೇವೆಂದು ಆದೇಶದಲ್ಲೇ ಬರೆದಿತ್ತು. "ನಾನೇ ದಿನಾ ಬಿಡ್ತೀನಿ" ಎಂದು ಮಾಮ ಬೀದಿಗೆಲ್ಲ ಸಾರಿದ್ದರು. ಕಚೇರಿ ಎದುರು ದಿಕ್ಕಿಗಿದ್ದುದರಿಂದ ಆರೂವರೆಗೇ ಬಿಟ್ಟು ಬರುವುದೆಂದು ಏರ್ಪಾಡು.

"ಎಂಟರ ತನಕ ಗೇಟ್ ಮುಂದೆ ನಿಂತು ಏನ್ ಮಾಡ್ಲಿ?" ಎಂದು ಟೀಚರಮ್ಮ ಕೇಳಿದ್ದರು.

"ಗೇಟಿಗೆ ಯಾರಾದ್ರೂ ಕೈ ಹಾಕ್ತಾರಾ ಅಂತ ನೋಡ್ಕೊಂಡಿರು."

ಟೀಚರಮ್ಮ "ಹೂಂ" ಎಂದಿದ್ದರು. ಆ ಹೂಂ ಯಾಕೋ ಅಗತ್ಯಕ್ಕಿಂತ ಮೆತ್ತಗಿತ್ತು ಎಂದು ಮಾಮನಿಗೆ ಆಗಲೇ ಅನಿಸಿತ್ತು.

ಈಗ ಮಾಮ ಕಾರಿನ ಕೆಳಗೆ ತೂರಿದರು. ಚೀಟಿ ಬಿದ್ದಿಲ್ಲವೆಂದ ಮೇಲೆ ಕಳ್ಳ ಮೇಲಿನಿಂದ ಬಂದಿಲ್ಲ. ಮೇಲಿನಿಂದ ಬರದವನು ಕೆಳಗಿನಿಂದ ಬಂದಿರಬೇಕು, ಕೆಳಗೆ ಏನೋ ಬಿಚ್ಚಿರಬೇಕು, ಅದಕ್ಕೇ ದೀಪ. ಅಷ್ಟರಲ್ಲಿ ಎರಡು ಚಪ್ಪಲಿಗಳು ಬಂದು ಪಕ್ಕದಲ್ಲಿ ನಿಂತವು. ಎದುರುಮನೆಯ ಡ್ರೈವರಣ್ಣ, ಬಸ್ಸು ಓಡಿಸಿ ನಿವೃತ್ತರಾದವರು.

"ಏನ್ ಮಾಮ, ಆ ದೀಪ ಇನ್ನೂ ಉರೀತಿದೆಯಾ?"

ಮಾಮನ ತಲೆ ಕಾರಿನ ಹೊಟ್ಟೆಗೆ ಬಡಿಯಿತು. ಹೊರಗೆ ಬಂದವರ ಮುಖದ ಮೇಲೆ ಗ್ರೀಸು, ಕಣ್ಣಲ್ಲಿ ಮಿಂಚು.

"ಇನ್ನೂ ಅಂದ್ರೇನು? ನಾನು ನೋಡಿ ಹತ್ತು ನಿಮಿಷ ಆಗಿಲ್ಲ. ನಿಮಗೆ ಹೇಗೆ ಗೊತ್ತು?"

ಡ್ರೈವರಣ್ಣ ನಾಲಿಗೆ ಕಚ್ಚಿಕೊಂಡರು. "ಅದಲ್ಲ ಮಾಮ, ನಾನು ಬೀದಿ ದೀಪದ ಬಗ್ಗೆ ಕೇಳಿದ್ದು."

ಇಬ್ಬರೂ ತಲೆಯೆತ್ತಿ ಬೀದಿ ದೀಪ ನೋಡಿದರು. ಅದು ಕೆಟ್ಟು ಒಂದೂವರೆ ತಿಂಗಳಾಗಿತ್ತು.

"ಗೊತ್ತಾಯ್ತು ಬಿಡಿ" ಎಂದು ಮಾಮ ಬೀದಿಗೆ ಕೇಳುವಂತೆ ದನಿ ಎತ್ತರಿಸಿದರು. "ನನ್ನ ಕಾರಿನ ಒಳಗಿನ ದೀಪ ನಿಮಗೆ ಗೊತ್ತಿದೆ ಅಂದ್ರೆ ನೀವು ಒಳಗೆ ಕೂತಿದ್ದೀರಿ ಅಂತಾಯ್ತು!"

"ಮಾಮ, ಮೂವತ್ತು ವರ್ಷ ಬಸ್ ಓಡ್ಸಿದೀನಿ. ಒಂದು ತೊಟ್ಟು ಡೀಸೆಲ್ ಮುಟ್ಟಿದವನಲ್ಲ."

"ಡೀಸೆಲ್ ಮಾತು ಯಾರು ಎತ್ತಿದ್ರು? ಪೆಟ್ರೋಲ್ ಬಗ್ಗೆ ಮಾತಾಡಿ!"

ಕಿಟಕಿಗಳು ಒಂದೊಂದಾಗಿ ತೆರೆದವು. ಡ್ರೈವರಣ್ಣ ಬಾಗಿಲಲ್ಲಿ ನಿಂತಿದ್ದ ಟೀಚರಮ್ಮನ ಕಡೆ ನೋಡಿದರು. ಟೀಚರಮ್ಮ ಆಕಾಶ ನೋಡಿದರು. ಡ್ರೈವರಣ್ಣ ತಲೆ ತಗ್ಗಿಸಿ ಮನೆಗೆ ಹೋದರು. ಎದುರಾಡದೆ ಹೋಗುವವನು ಅಪರಾಧಿಯಲ್ಲದೆ ಇನ್ನೇನು ಎಂದು ಮಾಮ ನೆರೆದವರಿಗೆಲ್ಲ ಬಿಡಿಸಿ ಹೇಳಿದರು.

ಮಂಗಳವಾರ ಮಾಮ ಅರ್ಧ ದಿನ ರಜೆ ಹಾಕಿ ಕಾರನ್ನು ಗಾಜಿನ ಗೋಡೆಗಳ ಒಂದು ದೊಡ್ಡ ಗ್ಯಾರೇಜಿಗೆ ಒಯ್ದರು. ಅಲ್ಲಿ ಟೈ ಕಟ್ಟಿದ ಒಬ್ಬರು ಒಂದು ಯಂತ್ರದ ವೈರನ್ನು ಸ್ಟಿಯರಿಂಗಿನ ಕೆಳಗೆ ಚುಚ್ಚಿ, ಪರದೆ ನೋಡಿ, ಮನೆಯವರಿಗೆ ಕೆಟ್ಟ ಸುದ್ದಿ ಹೇಳುವ ದನಿಯಲ್ಲಿ ಹೇಳಿದರು.

"ಹೊಗೆ ನಿಯಂತ್ರಣದ ವ್ಯವಸ್ಥೆ ಸರ್. ಟ್ಯಾಂಕಿನ ಪೆಟ್ರೋಲ್ ಆವಿ ಎಲ್ಲೋ ಸೋರ್ತಿದೆ. ಪೈಪುಗಳು, ವಾಲ್ವು, ಆವಿ ಹಿಡಿಯೋ ಡಬ್ಬಿ ಎಲ್ಲ ಬದಲಾಯಿಸಬೇಕು. ಹಾಗೇ ಸೈಲೆನ್ಸರ್ ಕಡೆ ಹೊಗೆ ಶುದ್ಧ ಮಾಡೋ ಭಾಗಾನೂ ಒಂದು ಹಾಕಿಬಿಡೋಣ."

"ಅದೂ ಸೋರ್ತಿದೆಯಾ?"

"ಇಲ್ಲ ಸರ್. ಮನಸ್ಸಿಗೆ ಒಂದು ಸಮಾಧಾನ."

"ಸೋರ್ತಿರೋದು ಎಲ್ಲಿ ಅಂತ ಹೇಳಿ."

"ಎಲ್ಲಾ ಬದಲಾಯಿಸಿದ ಮೇಲೆ ಗೊತ್ತಾಗುತ್ತೆ ಸರ್."

ಅವರು ಕೊಟ್ಟ ಅಂದಾಜು ಪಟ್ಟಿ ನೋಡಿದರೆ ಆ ದುಡ್ಡಿಗೆ ಅರ್ಧ ಕಾರು ಬರುತ್ತಿತ್ತು. ಮಾಮ ಕೀಲಿ ಕಸಿದುಕೊಂಡು ಹೊರಬಿದ್ದರು. ಅಪರೂಪಕ್ಕೊಮ್ಮೆ ಅವರ ಅನುಮಾನ ಸರಿಯಾದ ವಿಳಾಸಕ್ಕೆ ಹೋಗಿ ಮುಟ್ಟಿತ್ತು. ಆದರೆ ಆವಿ ಸೋರುವ ವಿಚಾರವನ್ನೂ ಅವರು ಅಲ್ಲೇ ಬಿಟ್ಟು ಬಂದದ್ದು ಎಡವಟ್ಟಾಯಿತು. ಕೆಟ್ಟಿರುವುದು ಕಾರಲ್ಲ, ಕೆಟ್ಟಿರುವುದು ದೀಪ ಎಂಬ ಹೊಸ ತೀರ್ಮಾನ ದಾರಿಯಲ್ಲೇ ಹುಟ್ಟಿತು. ಕೆಟ್ಟ ವಸ್ತುವಿಗೆ ಉಗ್ರಾಣದಲ್ಲಿ ಏನು ಮಾಡುತ್ತಿದ್ದರೋ ಅದನ್ನೇ ಇಲ್ಲೂ ಮಾಡಿದರು.

ಬುಧವಾರ ಅವರು ಹೊಗೆ ಪರೀಕ್ಷಾ ಕೇಂದ್ರದ ಸಾಲಿನಲ್ಲಿ ನಿಂತರು. ಅಲ್ಲಿಯ ಅಧಿಕಾರಿಯನ್ನು ಎಲ್ಲರೂ ಹೊಗೆ ಸಾಹೇಬರು ಎನ್ನುತ್ತಿದ್ದರು. ಸಣಕಲು ದೇಹ, ಉದ್ದ ಮೂಗು, ಯಾರು ನಮಸ್ಕಾರ ಮಾಡಿದರೂ ಯಾಕೆ ಮಾಡಿದ ಎಂದು ಒಂದು ಕ್ಷಣ ಯೋಚಿಸುವ ಸ್ವಭಾವ. ಸಾಹೇಬರು ಕಾರಿನೊಳಗೆ ಬಗ್ಗಿ ನೋಡಿದವರು ಬಗ್ಗಿದ ಹಾಗೇ ನಿಂತರು. ಸ್ಟಿಯರಿಂಗಿನ ಹಿಂದೆ, ಹಳದಿ ದೀಪ ಇರಬೇಕಾದ ಜಾಗದಲ್ಲಿ, ಒಂದು ಬಿಳಿ ಚೀಟಿ. ಅದರ ಮೇಲೆ ದಪ್ಪಕ್ಷರದಲ್ಲಿ: 'ದೋಷಯುಕ್ತ. ಪರಿಗಣಿಸಬಾರದು.' ಕೆಳಗೆ ಸಹಿ, ದಿನಾಂಕ.

"ಇದು ಯಾರ ಸಹಿ?"

"ನನ್ನದೇ."

"ಸಾಕ್ಷಿ?"

"ಸಾಕ್ಷಿನೂ ನಾನೇ."

ಸಾಹೇಬರು ಉಗುರಿನಿಂದ ಚೀಟಿಯ ಮೂಲೆ ಎಬ್ಬಿಸಿದರು. ಹಳದಿ ಬೆಳಕು ಇಬ್ಬರ ಮುಖದ ಮೇಲೂ ಬಿತ್ತು. "ದೀಪದ ಮೇಲೆ ಕಪ್ಪು ಟೇಪ್ ಅಂಟಿಸ್ಕೊಂಡು ಬರೋರನ್ನ ದಿನಕ್ಕೆ ಹತ್ತು ಜನ ನೋಡ್ತೀನಿ. ಸಹಿ ಹಾಕಿ ತಂದೋರು ನೀವೇ ಮೊದಲು. ದೀಪ ಉರೀತಿದ್ರೆ ಪತ್ರ ಇಲ್ಲ. ಶನಿವಾರದೊಳಗೆ ಸರಿ ಮಾಡಿಸ್ಕೊಂಡು ಬನ್ನಿ. ನಿಮ್ಮ ಕಾರಿನ ನಂಬರ್ ನಾನು ಬರೆದಿಟ್ಕೊಳ್ತೀನಿ."

ಆ ಸಂಜೆ ಟೀಚರಮ್ಮ ಊಟ ಮಾಡಲಿಲ್ಲ. ಹುದ್ದೆಯ ಆದೇಶವನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು, ಓದಿ, ಮತ್ತೆ ಚೀಲಕ್ಕೆ ಹಾಕಿದರು. ಹೆಂಡತಿ ದೊಡ್ಡ ಹುದ್ದೆಗೆ ಏರುವುದನ್ನು ನೋಡಲು ಮಾಮನಿಗೂ ಆಸೆಯಿತ್ತು, ಅವಳಿಗಿಂತ ಒಂದು ಗುಂಜಿ ಹೆಚ್ಚೇ ಇತ್ತು. "ನಾಳೆ ನಾನು ಹೇಳೋ ಕಡೆ ಬನ್ನಿ" ಎಂದರು ಟೀಚರಮ್ಮ. ಮಾಮ ಯಾಕೆ, ಯಾರು, ಎಲ್ಲಿ ಎಂದು ಕೇಳದೆ ತಲೆಯಾಡಿಸಿದರು. ಇದು ಆ ಮನೆಯ ಇತಿಹಾಸದಲ್ಲಿ ಮೊದಲು.

ಟೀಚರಮ್ಮ ಕರೆದೊಯ್ದದ್ದು ತಗಡಿನ ಮಾಡಿನ ಒಂದು ಗ್ಯಾರೇಜಿಗೆ. ಅವರ ಹಳೆಯ ಶಾಲೆಯ ವ್ಯಾನು ರಿಪೇರಿಯಾಗುತ್ತಿದ್ದುದು ಅಲ್ಲೇ. ನಡೆಸುತ್ತಿದ್ದವರು ಒಬ್ಬ ಮುದುಕರು. ಯಂತ್ರಕ್ಕಿಂತ ಮೊದಲು ಮಾಲೀಕರಿಗೆ ಪ್ರಶ್ನೆ ಕೇಳುತ್ತಿದ್ದುದರಿಂದ ಎಲ್ಲರಿಗೂ ಅವರು ಡಾಕ್ಟ್ರು. ಮಾಮ ಸುತ್ತ ಕಣ್ಣಾಡಿಸಿದರು. ಬಿಚ್ಚಿಟ್ಟ ಕಾರಿನ ಭಾಗಗಳು ಎಲ್ಲೆಲ್ಲೂ ಬಿದ್ದಿದ್ದವು. ಯಾರ ಕಾರಿನವೋ ಏನೋ ಎಂದು ಅವರು ತಮ್ಮ ಕಾರಿಗೆ ಬೆನ್ನು ಒತ್ತಿ ನಿಂತರು.

ಡಾಕ್ಟ್ರು ದೊಡ್ಡ ಗ್ಯಾರೇಜಿನ ಪಟ್ಟಿ ಓದಿ ಮಡಚಿಟ್ಟರು. "ಆವಿ ಸೋರೋದು ನಿಜ. ಎಲ್ಲಕ್ಕಿಂತ ಸಸ್ತಾ ಜಾಗದಿಂದ ಶುರು ಮಾಡೋಣ. ಪೆಟ್ರೋಲ್ ಮುಚ್ಚಳ ಸರಿಯಾಗಿ ಹಾಕಿದ್ದೀರಾ ಯಜಮಾನ್ರೇ?"

ಮಾಮನಿಗೆ ನಗು ಬಂತು. "ಈ ಇಡೀ ಕಾರಿನಲ್ಲಿ ಅನುಮಾನ ಪಡಬೇಕಿಲ್ಲದ ಜಾಗ ಅಂದ್ರೆ ಅದೊಂದೇ. ನಾನೇ ಸೀಲ್ ಹಾಕಿದೀನಿ."

"ಏನ್ ಹಾಕಿದೀರಿ?"

"ಚೀಟಿ. ನಾಲ್ಕು ಮಡಿಕೆ."

ಡಾಕ್ಟ್ರು ಮಾಮನನ್ನೊಮ್ಮೆ, ಟೀಚರಮ್ಮನನ್ನೊಮ್ಮೆ ನೋಡಿದರು. ಮುಚ್ಚಳ ತಿರುಗಿಸಿದರು. ಪೆಟ್ರೋಲಿನ ವಾಸನೆಯ ಚೀಟಿ ಅವರ ಅಂಗೈಗೆ ಬಿತ್ತು. ಮುಚ್ಚಳದ ಒಳಗಿನ ರಬ್ಬರ್ ಬಳೆಯನ್ನು ಬೆರಳಿನಿಂದ ತೋರಿಸುತ್ತ, "ಈ ರಬ್ಬರು ಸುತ್ತ ಬಿಗಿಯಾಗಿ ಕೂತ್ರೆ ಆವಿ ಹೊರಗೆ ಹೋಗಲ್ಲ. ನಡುವೆ ಕಾಗದ ತುರುಕಿದ್ರೆ ಸಂದಿ ಬಿಡುತ್ತೆ. ಸೋರಿಕೆ ಇದೆಯಾ ಅಂತ ಕಾರು ತಾನೇ ಆಗಾಗ ನೋಡ್ಕೊಳ್ಳುತ್ತೆ. ಇದೆ ಅಂತ ಗೊತ್ತಾದ್ರೆ ದೀಪ ಹಚ್ಚುತ್ತೆ. ಅಷ್ಟೇ ಯಜಮಾನ್ರೇ" ಎಂದರು. ರಬ್ಬರನ್ನು ಬಟ್ಟೆಯಿಂದ ಒರೆಸಿ, ಸೀಳಿಲ್ಲವೆಂದು ನೋಡಿ, ಮೂರು ಸಲ ಟಕಟಕ ಎನ್ನುವ ತನಕ ಮುಚ್ಚಳ ತಿರುಗಿಸಿದರು. "ಆಯ್ತು."

"ಎಷ್ಟಾಯ್ತು?"

"ಏನೂ ಇಲ್ಲ."

ಮಾಮನ ಮುಖ ಬಿಳಿಚಿಕೊಂಡಿತು. ಅರ್ಧ ಕಾರಿನ ಬೆಲೆ ಕೇಳಿದವನನ್ನು ಕಳ್ಳನೆಂದು ಗುರುತಿಸಬಹುದು. ಏನೂ ಬೇಡವೆನ್ನುವವನನ್ನು ಹೇಗೆ ಗುರುತಿಸುವುದು? ಅವರು ಬಾಗಿಲು ತೆರೆದು ನೋಡಿ ಚೀರಿದರು. "ದೀಪ ಇನ್ನೂ ಉರೀತಿದೆ!"

"ಉರೀಲಿ. ಇನ್ನೆರಡು ಮೂರು ದಿನ ಬೆಳಿಗ್ಗೆ ಸಂಜೆ ಓಡಿಸಿ. ಸೋರಿಕೆ ಇಲ್ಲ ಅಂತ ಕಾರಿಗೆ ನಂಬಿಕೆ ಬಂದ ಮೇಲೆ ತಾನೇ ಆರಿಸುತ್ತೆ."

"ಯಂತ್ರ ಹಾಕಿ ಈಗಲೇ ಅಳಿಸಿ!"

"ಅಳಿಸಬಹುದು. ಆದ್ರೆ ಈಗ ತಾನೇ ಅಳಿಸಿದ್ದು ಅಂತ ಪರೀಕ್ಷೆಯವರ ಯಂತ್ರಕ್ಕೆ ಗೊತ್ತಾಗಿ ವಾಪಸ್ ಕಳಿಸ್ತಾರೆ. ಓಡಿಸೋದೇ ದಾರಿ."

ಮಾಮ ಪೇಚಿಗೆ ಸಿಲುಕಿದರು. ನಾಳೆ ಉಗ್ರಾಣದಲ್ಲಿ ವಾರ್ಷಿಕ ಎಣಿಕೆ, ರಜೆ ಇಲ್ಲ. ಎರಡು ಮೂರು ದಿನ ಬೆಳಿಗ್ಗೆ ಸಂಜೆ ಓಡಿಸುವವರು ಯಾರು?

"ಕೀಲಿ ಕೊಡಿ" ಎಂದರು ಟೀಚರಮ್ಮ.

"ಯಾಕೆ?"

ಟೀಚರಮ್ಮ ಕೀಲಿ ತೆಗೆದುಕೊಂಡು ಚಾಲಕರ ಸೀಟಿನಲ್ಲಿ ಕೂತರು. ಕನ್ನಡಿ ಸರಿಪಡಿಸಿಕೊಂಡರು. ಬಿಚ್ಚಿಟ್ಟ ಎಂಜಿನ್ನುಗಳ ನಡುವೆ, ಒಂದಕ್ಕೂ ತಾಗದಂತೆ, ಕಾರನ್ನು ಹಿಮ್ಮುಖವಾಗಿ ರಸ್ತೆಗೆ ತಂದು ನಿಲ್ಲಿಸಿ, "ಹತ್ತಿ" ಎಂದರು. ಹದಿನೆಂಟು ವರ್ಷ ಕಾರು ಓಡಿಸಿದ ಮಾಮನಿಗೆ ಆ ಅಂಗಳದಿಂದ ಹಿಂದೆ ಬರಲು ಮೂರು ಜನರ ಕೈಸನ್ನೆ ಬೇಕಾಗುತ್ತಿತ್ತು.

"ಯಾವಾಗ ಕಲಿತೆ?"

"ನಿಮ್ಮ ಪೆಟ್ರೋಲ್ ಕಳ್ಳತನ ಆಗ್ತಿತ್ತಲ್ಲ, ಆಗ. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ. ಡ್ರೈವರಣ್ಣ ಪಕ್ಕದಲ್ಲಿ ಕೂತು ಹೇಳಿಕೊಟ್ರು. ಲೈಸೆನ್ಸೂ ಬಂತು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಸ್ಟಿಯರಿಂಗಿಗೂ ಚೀಟಿ ಅಂಟಿಸ್ತಿದ್ರಿ." "ಮೊನ್ನೆ ಶನಿವಾರ ನಾನು ಓಡಿಸ್ತಿರುವಾಗಲೇ ಆ ದೀಪ ಹತ್ಕೊಳ್ತು. ಕಾರು ಕೆಡಿಸಿಬಿಟ್ಟೆ ಅಂತ ಐದು ದಿನದಿಂದ ಅನ್ನ ಸೇರ್ತಿಲ್ಲ ನಂಗೆ. ನೋಡಿದ್ರೆ ನಿಮ್ಮ ಚೀಟಿ."

ತಪ್ಪು ಒಪ್ಪಿಕೊಳ್ಳಬೇಕೆಂದು ಮಾಮನ ಮನಸ್ಸು ಹೇಳುತ್ತಿತ್ತು, ಬಾಯಿ ಕೇಳುತ್ತಿರಲಿಲ್ಲ. ಕೊನೆಗೆ ಬಾಯಿಂದ ಹೊರಟದ್ದು, "ಏನೇ ಆಗ್ಲಿ, ಪೆಟ್ರೋಲ್ ಖರ್ಚಾಗಿದ್ದು ನಿಜ ತಾನೆ?" ಟೀಚರಮ್ಮ ಗೇರ್ ಬದಲಾಯಿಸಿದರು. ಮನೆ ಮುಂದೆ ಇಳಿದಾಗ ಎದುರುಮನೆಯ ಕಡೆ ಮಾಮ ತಿರುಗಿಯೂ ನೋಡಲಿಲ್ಲ. ನಾಚಿಕೆಗೆ ಅವರು ಕೋಪದ ಮುಖವಾಡ ಹಾಕಿಕೊಂಡಿದ್ದರು.

ಗುರುವಾರ ಸಂಜೆ, ಶುಕ್ರವಾರ ಬೆಳಿಗ್ಗೆ, ಸಂಜೆ ಟೀಚರಮ್ಮ ಕಾರು ಓಡಿಸಿದರು. ಡ್ರೈವರಣ್ಣ ಪಕ್ಕದಲ್ಲಿ ಕೂತಿದ್ದರು. ದೀಪ ಆರಲಿಲ್ಲ. ಮಾಮ ಎಣಿಕೆಯ ನಡುವೆ ಕಚೇರಿಯಿಂದ ಹನ್ನೊಂದು ಸಲ ಫೋನು ಮಾಡಿದರು. ಶನಿವಾರ ಬೆಳಿಗ್ಗೆ ಟೀಚರಮ್ಮ ಕೀಲಿ ತಿರುಗಿಸಿದಾಗ ದೀಪ ಎಲ್ಲದರ ಜೊತೆ ಒಮ್ಮೆ ಹೊಳೆದು, ಎಂಜಿನ್ ಶುರುವಾದೊಡನೆ ಆರಿಹೋಯಿತು. ಮತ್ತೆ ಬರಲಿಲ್ಲ. ಅವರು ಎರಡೂ ಕೈಗಳಿಂದ ಸ್ಟಿಯರಿಂಗ್ ತಬ್ಬಿಕೊಂಡು ಅತ್ತುಬಿಟ್ಟರು. ಡ್ರೈವರಣ್ಣ ಹಿಂದಿನ ಸೀಟಿನಲ್ಲಿ ಮೂಗು ಸೀಟಿದರು. ಮಾಮ ಪಕ್ಕದ ಸೀಟಿನಲ್ಲಿ ಕೂತು, ಆರಿದ ದೀಪವನ್ನೇ ದುರುಗುಟ್ಟಿ ನೋಡುತ್ತ ಪರೀಕ್ಷಾ ಕೇಂದ್ರಕ್ಕೆ ಬಂದರು.

ಹೊಗೆ ಸಾಹೇಬರು ನಂಬರ್ ಗುರುತಿಸಿದರು. ಕೀಲಿ ತಿರುಗಿಸಿ ಬಲ್ಬು ಇದೆಯೆಂದು ಖಾತ್ರಿ ಮಾಡಿಕೊಂಡರು. ಹೊಗೆ ಅಳೆದರು, ಯಂತ್ರ ಚುಚ್ಚಿದರು. ಎಲ್ಲ ಸರಿಯಿತ್ತು. ಅದೇ ಅವರಿಗೆ ಸರಿಬರಲಿಲ್ಲ.

"ಬುಧವಾರ ಉರೀತಿತ್ತು. ಇವತ್ತು ಇಲ್ಲ. ರಿಪೇರಿ ಬಿಲ್ ಎಲ್ಲಿ?"

"ಬಿಲ್ ಇಲ್ಲ" ಎಂದರು ಮಾಮ.

"ಬಿಲ್ ಇಲ್ಲದೆ ರಿಪೇರಿ ಆಗುತ್ತಾ? ಯಾರು ದುಡ್ಡು ತಗೊಳ್ದೆ ಮಾಡ್ತಾರೆ?"

ಎರಡು ದಿನದ ಹಿಂದೆ ತಾವೇ ಕೇಳಿಕೊಂಡ ಪ್ರಶ್ನೆ ಇನ್ನೊಬ್ಬರ ಬಾಯಿಂದ ಬಂದಾಗ ಅದು ಎಷ್ಟು ಕೆಟ್ಟದಾಗಿ ಕೇಳಿಸುತ್ತದೆಂದು ಮಾಮನಿಗೆ ಗೊತ್ತಾಯಿತು. ಸಾಹೇಬರು ಮೊಹರನ್ನು ಮೇಜಿನ ಖಾನೆಗೆ ಹಾಕಿದರು. "ಏನು ಕೆಟ್ಟಿತ್ತು, ಹೇಗೆ ಸರಿ ಹೋಯ್ತು ಅಂತ ಬರೆದು ಸಹಿ ಹಾಕಿ ಕೊಡಿ. ಇಲ್ದಿದ್ರೆ ಸೋಮವಾರ ಮಧ್ಯಾಹ್ನ ದೊಡ್ಡ ಸಾಹೇಬರು ಬಂದ ಮೇಲೆ ನೋಡೋಣ."

ಸೋಮವಾರ ಮಧ್ಯಾಹ್ನ! ಟೀಚರಮ್ಮನ ಕೈ ಪ್ಲಾಸ್ಟಿಕ್ ಚೀಲವನ್ನು ಹಿಂಡುತ್ತಿತ್ತು. ಹಿಂದೆ ಇಪ್ಪತ್ತು ಕಾರುಗಳ ಸಾಲು, ಪಕ್ಕದಲ್ಲಿ ಡ್ರೈವರಣ್ಣ. ಮಾಮ ಪೆನ್ನು ತೆಗೆದರು. ಮೂವತ್ತೊಂದು ವರ್ಷ ಬೇರೆಯವರನ್ನು ನಂಬದೆ ಹಾಕಿದ ಸಹಿಗಳಿಗೆ ಅವರು ಒಂದು ಕ್ಷಣವೂ ಯೋಚಿಸಿರಲಿಲ್ಲ. ಈ ಒಂದಕ್ಕೆ ಪೆನ್ನಿನ ಮುಚ್ಚಳವನ್ನು ಎರಡು ಸಲ ತೆಗೆದು ಹಾಕಿದರು. ಹೆಂಡತಿಯ ಮುಖ ನೋಡಿದರು, ಬರೆದರು. ಸಾಹೇಬರು ಅದನ್ನು ಸಾಲಿಗೆಲ್ಲ ಕೇಳುವಂತೆ ಓದಿದರು.

"'ಈ ಕಾರಿನ ಪೆಟ್ರೋಲ್ ಮುಚ್ಚಳಕ್ಕೆ ಚೀಟಿ ತುರುಕಿದವನು ನಾನು. ದೀಪ ಉರಿದದ್ದು ಆ ಚೀಟಿಯಿಂದ. ಚೀಟಿ ತುರುಕಿದ್ದು ನನ್ನ ಅನುಮಾನದಿಂದ. ಎದುರುಮನೆಯ ಡ್ರೈವರಣ್ಣ ಪೆಟ್ರೋಲ್ ಕದ್ದಿಲ್ಲ. ಅವರನ್ನು ಬೀದಿಯಲ್ಲಿ ಬೈದದ್ದು ನನ್ನ ತಪ್ಪು. ಕಾರು ಓಡಿಸಿದವಳು ನನ್ನ ಹೆಂಡತಿ. ನನಗಿಂತ ಚೆನ್ನಾಗಿ ಓಡಿಸುತ್ತಾಳೆ.'"

ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಸಾಹೇಬರು ಮಾತ್ರ ಕಾಗದವನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದರು. "ತಪ್ಪು ನಂದೇ ಅಂತ ಈ ಕೇಂದ್ರದಲ್ಲಿ ಇದುವರೆಗೆ ಒಬ್ಬನೂ ಬರೆದುಕೊಟ್ಟಿಲ್ಲ. ಇದರಲ್ಲಿ ಏನೋ ಇದೆ" ಎಂದು ಗೊಣಗಿ, ಇಡೀ ಕಾರನ್ನು ಮೊದಲಿನಿಂದ ಪರೀಕ್ಷಿಸಿದರು. ಏನೂ ಸಿಗಲಿಲ್ಲ. ಮೋಸ ಹೋಗಿದ್ದೇನೆ, ಎಲ್ಲಿ ಎಂದು ಗೊತ್ತಾಗುತ್ತಿಲ್ಲ ಎಂಬ ಮುಖ ಮಾಡಿ ಮೊಹರು ಒತ್ತಿದರು.

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಬೀದಿಗೆ ಬೀದಿಯೇ ಗೇಟಿನಲ್ಲಿ ನಿಂತಿತ್ತು. ಟೀಚರಮ್ಮ ಇಸ್ತ್ರಿ ಮಾಡಿದ ಸೀರೆಯುಟ್ಟು ಒಬ್ಬರೇ ಕಾರು ಹತ್ತಿದರು. "ಮುಟ್ಟಿದ ತಕ್ಷಣ ಫೋನ್ ಮಾಡ್ತೀನಿ. ನೀವು ಸುಮ್ನೆ ಆಫೀಸಿಗೆ ಹೋಗಿ" ಎಂದರು. "ನಂಗೇನು ಚಿಂತೆ?" ಎಂದು ಮಾಮ ಧಾರಾಳವಾಗಿ ಕೈಬೀಸಿದರು. ಕಾರು ತಿರುವಿನಲ್ಲಿ ಮರೆಯಾಯಿತು.

ಎಂಟಕ್ಕೆ ಐದು ನಿಮಿಷವಿರುವಾಗ ಮಾಮನ ಫೋನು ರಿಂಗಾಯಿತು.

"ರೀ, ಬಂದು ತಲುಪಿದೆ. ದಾರೀಲಿ ಒಂದು ಚೂರೂ ತೊಂದರೆ ಆಗ್ಲಿಲ್ಲ."

"ಒಳ್ಳೇದಾಯ್ತು" ಎಂದರು ಮಾಮ. "ನಂಗೆ ನಿನ್ನ ಮೇಲೆ ಪೂರ್ತಿ ನಂಬಿಕೆ ಇತ್ತು."

"ನೀವು ಎಲ್ಲಿದೀರಿ?"

"ನಾನಾ? ಬಸ್ಸಲ್ಲಿದೀನಿ, ಆಫೀಸಿಗೆ ಹೋಗ್ತಿದೀನಿ."

ಆಗ ಶಾಲೆಯ ಮೊದಲ ಗಂಟೆ ಬಾರಿಸಿತು. ಢಣ್ ಢಣ್ ಢಣ್ ಎಂದು ಅದು ಟೀಚರಮ್ಮನ ತಲೆಯ ಮೇಲೂ ಬಾರಿಸಿತು, ಅವರ ಕೈಲಿದ್ದ ಫೋನಿನೊಳಗಿಂದಲೂ ಬಾರಿಸಿತು. ಅವರು ಮೆಲ್ಲಗೆ ಗೇಟಿನ ಕಡೆ ತಿರುಗಿದರು. ರಸ್ತೆಯಾಚೆಯ ಮರದ ಕೆಳಗೆ ಡ್ರೈವರಣ್ಣನ ಸ್ಕೂಟರು ನಿಂತಿತ್ತು. ಹಿಂದಿನ ಸೀಟಿನಲ್ಲಿ ಹೆಲ್ಮೆಟ್ ತೊಟ್ಟ ಒಬ್ಬರು ಫೋನನ್ನು ಕಿವಿಗೆ ಒತ್ತಿಕೊಂಡು, ಗಂಟೆ ಕೇಳಿಸದಿರಲೆಂದು ಇನ್ನೊಂದು ಕೈಯಿಂದ ಫೋನಿನ ಬಾಯಿ ಮುಚ್ಚುತ್ತಿದ್ದರು.

ಹೊಸ ಮುಖ್ಯೋಪಾಧ್ಯಾಯಿನಿಯವರು ನಗು ತಡೆದುಕೊಂಡು ಫೋನಿನಲ್ಲೇ ಹೇಳಿದರು. "ಬಸ್ಸಿಂದ ಇಳಿದು ಇಬ್ಬರೂ ಒಳಗೆ ಬನ್ನಿ. ಚಹಾ ಕುಡ್ಕೊಂಡು ಹೋಗುವಿರಂತೆ."